ಹದಿಹರೆಯ ಮತ್ತು ಹೊಣೆಗಾರಿಕೆ

ಹದಿಹರೆಯದವರಲ್ಲಿ ಹೊಣೆಗಾರಿಕೆ ಇಲ್ಲವೆಂಬ ದೂರು ಪಾಲಕರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ದೂರುವವರು ಆ ಮಕ್ಕಳಿಗೆ ಯಾವ ಹೊಣೆಯನ್ನು ಒಪ್ಪಿಸಿದ್ದಾರೆಂದು ವಿಚಾರಿಸಿದರೆ ಉತ್ತರ ದೊರೆಯುವುದು ವಿರಳ. "ನೀನು ಓದಿಕೊಂಡಿದ್ದರೆ ಸಾಕು" ಎಂಬುದು ವಾತ್ಸಲ್ಯದ ಮಾತೇ ಹೌದು. ಆದರೆ ಹದಿನಾರು ವರ್ಷ ಅದನ್ನೇ ಕೇಳಿ ಬೆಳೆದವನು ಹದಿನೇಳಕ್ಕೆ ಒಮ್ಮೆಗೇ ಜವಾಬ್ದಾರನಾಗಬೇಕೆಂದು ಬಯಸುವುದು ನ್ಯಾಯವಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಲ್ಲಿ ಇದಕ್ಕೊಂದು ಪಾಠವಿದೆ. ಮಳೆ ಹಿಡಿಯುವ ಮೊದಲೇ ಕೊಳೆರೋಗದ ತಡೆಗೆಂದು ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಕೂಡಿಸುವುದು ಕ್ರಮ. ಹದವನ್ನರಿಯಲು ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಈ ಪರೀಕ್ಷೆಯನ್ನು ಮಗನಿಗೋ ಮಗಳಿಗೋ ಒಪ್ಪಿಸಿದ ತಂದೆ ಹೊಣೆಗಾರಿಕೆಯ ಮೇಲೆ ಉಪನ್ಯಾಸ ಮಾಡಬೇಕಾಗಿಲ್ಲ. ಹದ ತಪ್ಪಿದರೆ ಪೆಟ್ಟು ಬೀಳುವುದು ಪರೀಕ್ಷೆಯ ಅಂಕಕ್ಕಲ್ಲ, ಮನೆಯ ವರ್ಷದ ಅನ್ನಕ್ಕೆ ಎಂಬುದು ಆ ಮಗುವಿಗೆ ತಿಳಿದೇ ಇರುತ್ತದೆ.

ಇದೇ ನೆಲದ ತರುಣರು ಊರಿನ ಹೊಣೆಯನ್ನೂ ಹೊತ್ತುದುಂಟು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿನ ಕಡಿತವನ್ನು ತಡೆಯಲು ಮರಗಳನ್ನು ಅಪ್ಪಿ ನಿಂತಾಗ, ಯುವಕ ಮಂಡಳಿಯವರು ಮುಂದಿದ್ದರು. ಅಪ್ಪಿಕೋ ಎಂದೊಡನೆ ಆ ಅಪ್ಪುಗೆಯೊಂದೇ ಎಲ್ಲರ ನೆನಪಿಗೆ ಬರುತ್ತದೆ. ಚಳವಳಿ ಮುಂದೆ ಸಸಿ ಬೆಳೆಸುವ ಕೆಲಸಕ್ಕೂ ಇಳಿಯಿತೆಂಬುದನ್ನು ನೆನೆಯುವವರು ಕಡಿಮೆ. ಬೇಸಿಗೆಯಲ್ಲಿ ಸಸಿಗೆ ನೀರೆರೆಯುವವನ ಭಾವಚಿತ್ರವನ್ನು ಯಾರೂ ತೆಗೆಯುವುದಿಲ್ಲವಷ್ಟೆ!

ಶಾಲೆಗಳಲ್ಲಿ ನಡೆಯುವುದೇನು? ಪ್ರತಿವರ್ಷ ವಿದ್ಯಾರ್ಥಿ ಮಂತ್ರಿಮಂಡಲದ ಚುನಾವಣೆಯಾಗುತ್ತದೆ, ಪ್ರಮಾಣವಚನವಾಗುತ್ತದೆ. ಅನಂತರ ಆಹಾರ ಮಂತ್ರಿಗೆ ಉಗ್ರಾಣದಲ್ಲಿ ಎಷ್ಟು ಅಕ್ಕಿಯಿದೆಯೆಂಬುದೇ ಗೊತ್ತಿರುವುದಿಲ್ಲ. ಇದು ಹೊಣೆಯಲ್ಲ, ಹೊಣೆಯ ವೇಷ. ವಿದ್ಯಾರ್ಥಿನಿಲಯದ ಉಗ್ರಾಣದ ಲೆಕ್ಕವನ್ನು ಒಂದು ತಿಂಗಳ ಮಟ್ಟಿಗಾದರೂ ಒಂಬತ್ತನೆಯ ತರಗತಿಯವರಿಗೆ ನಿಜವಾಗಿ ಬಿಟ್ಟುಕೊಡಬೇಕು. ದಾನಿಗಳಿತ್ತ ಅಕ್ಕಿಯಲ್ಲಿ ನಾಲ್ಕು ಸೇರಿನ ಲೆಕ್ಕ ತಪ್ಪಬಹುದು. ಅದನ್ನು ದಾನಿಗಳು ಸಹಿಸಿಕೊಳ್ಳಬೇಕಾಗುತ್ತದೆ. ಶಿಕ್ಷಕರ ಕಷ್ಟ ಅದಕ್ಕಿಂತ ದೊಡ್ಡದು. ತಪ್ಪು ಕಂಡ ರಾತ್ರಿ ಅವರು ಲೆಕ್ಕದ ಪುಸ್ತಕವನ್ನು ತಾವೇ ತಿದ್ದಿಡಬಾರದು, ಬೈಯಲೂ ಬಾರದು. ಬೆಳಗಾದ ಮೇಲೆ ಆ ಹುಡುಗನಿಂದಲೇ ಅಕ್ಕಿಯನ್ನು ಮೊದಲಿನಿಂದ ಅಳೆಯಿಸಿ, ಮುಗಿಯುವವರೆಗೂ ಪಕ್ಕದಲ್ಲಿ ಕುಳಿತಿರಬೇಕು.