ಔಷಧಿಯಂಗಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ

ಬೌರಿಂಗ್ ಆಸ್ಪತ್ರೆಯ ಸಾಲಿನಲ್ಲಿ ನಿಂತ ಶಿವಾಜಿನಗರದ ರೋಗಿಗೆ ನಮ್ಮ ಕ್ಯಾನ್ಸರ್ ವಿಜ್ಞಾನಿಗಳ ಪ್ರಬಂಧಗಳಿಂದ ಸಿಕ್ಕಿದ್ದೇನು ಎಂದು ಕಳೆದ ವಾರದ ಲೇಖನ ಕೇಳಿದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಲ್ಲವೂ ಕಾಗದದ ರಾಶಿ ಎಂದು ತೀರ್ಪು ಕೊಡುವ ಮುನ್ನ ಲೇಖಕರು ಒಂದಾದರೂ ಪ್ರಬಂಧ ಓದಬೇಕಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡದ್ದನ್ನೇ ನೋಡಿ. 2012ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಅವರು ಎಸ್‌ಸಿಆರ್7 ಎಂಬ ಅಣುವನ್ನು ವರದಿ ಮಾಡಿದರು. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ತುದಿಗಳನ್ನು ಬೆಸೆಯುವ ಲೈಗೇಸ್ 4 ಕಿಣ್ವವನ್ನು ಅದು ತಡೆಯುತ್ತದೆ. ರಿಪೇರಿಯಾಗದ ಕ್ಯಾನ್ಸರ್ ಕೋಶ ಸಾಯುತ್ತದೆ ಎಂಬುದು ವಾದ. ಕೆಲವು ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ಕುಗ್ಗಿತು. 2015ರಲ್ಲಿ ಜರ್ಮನಿ, ಅಮೆರಿಕದ ಪ್ರಯೋಗಾಲಯಗಳು ಇದೇ ಅಣುವನ್ನು ಕ್ರಿಸ್ಪರ್ ಜೀನ್ ತಿದ್ದುಪಡಿಗೆ ಬಳಸಿದವು. ಕ್ಯಾನ್ಸರಿಗೆಂದು ಹುಟ್ಟಿದ್ದು ಬೇರೆಡೆ ಕೆಲಸಕ್ಕೆ ಬಂತು. ಲೇಖಕರ ಲೆಕ್ಕದಲ್ಲಿ ಮಾತ್ರ ಇದೂ ಬರೀ ಒಂದು ಪ್ರಬಂಧ!

ಟೀಕಿಸಲೇಬೇಕೆಂದರೆ ಸರಕು ಇಲ್ಲಿದೆ: ಅಣುವಿನ ನಿಜವಾದ ರಚನೆ ವರದಿಯಾದದ್ದಕ್ಕಿಂತ ಬೇರೆ, ಲೈಗೇಸ್ 4ನ್ನಷ್ಟೇ ಅದು ತಡೆಯುವುದೂ ಇಲ್ಲ, ಅಂಥ ಪ್ರಬಲವೂ ಅಲ್ಲ ಎಂದು 2016ರಲ್ಲಿ ಮತ್ತೊಂದು ತಂಡ ಬರೆಯಿತು. ರಾಘವನ್ ತಂಡ 2018ರಲ್ಲಿ ಉತ್ತರಿಸಿತು. ಇದು ಗಂಭೀರ ಆಕ್ಷೇಪ. ಪುಟ ಎಣಿಸುವ ಗೊಣಗಾಟವಲ್ಲ. ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಇನ್ನು ಇಂಥ ಅಣು ರೋಗಿಯ ಕೈಗೆ ಮಾತ್ರೆಯಾಗಿ ಬರುವ ಮಾತು. ಇಲಿಯಿಂದ ಮನುಷ್ಯನವರೆಗೆ ವಿಷಪರೀಕ್ಷೆ, ಹಂತಹಂತದ ಪ್ರಯೋಗ, ಕೋಟಿಗಟ್ಟಲೆ ಹಣ ಬೇಕು. ಅದೆಲ್ಲ ಪ್ರಾಧ್ಯಾಪಕರ ಬೆಂಚಿನ ಮೇಲೆ ಆಗುವ ಕೆಲಸವೇ? ರೋಗಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆಯನ್ನು ಲೇಖಕರು ಔಷಧ ಕಂಪನಿಗಳಿಗೂ ಸರ್ಕಾರಕ್ಕೂ ಕೇಳಲಿ.