ಅರೆತಿಳಿವಿನ ಪಥ್ಯ

“ಅನ್ನ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ತಾನೇ ಹಸಿದು ಸಾಯುತ್ತದೆ” ಎಂಬ ಉಪದೇಶವನ್ನು ನಮ್ಮ ರಾಜಗೋಪಾಲನಗರದಲ್ಲಿಯೂ ಕೇಳಿದ್ದೇನೆ. ಇದು ರೋಗಿಗೆ ಕೇಡು ತರುವ ಅರೆತಿಳಿವೆಂದು ನನ್ನ ಅಭಿಪ್ರಾಯ. ಕಲಾ ವಿಭಾಗದವನಿಗೆ ಈ ವಿಚಾರವೇಕೆಂದು ಗುರುಗಳೂ ಮಿತ್ರರೂ ಕೇಳಬಹುದು. ಮೂಳೆಯ ಕ್ಯಾನ್ಸರುಗಳಲ್ಲಿ ಮುಖ್ಯವಾದ ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಹಿಡಿಯುವುದು ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರನ್ನು, ಅದೂ ಬಹುಮಟ್ಟಿಗೆ ಮೊಣಕಾಲಿನ ಬಳಿ. ಆದ್ದರಿಂದ ಇದು ನಮ್ಮೆಲ್ಲರ ವಿಚಾರ.

ಉಪದೇಶದ ಬೇರಿನಲ್ಲಿ ಒಂದು ಸತ್ಯವುಂಟು. ಆರೋಗ್ಯವಂತ ಜೀವಕೋಶವು ಒಂದು ಗ್ಲೂಕೋಸ್ ಅಣುವನ್ನು ಆಮ್ಲಜನಕದಲ್ಲಿ ಪೂರ್ತಿ ಉರಿಸಿ, ಶಕ್ತಿಯ ನಾಣ್ಯವಾದ ಎ.ಟಿ.ಪಿ.ಯ ಸುಮಾರು 30 ಅಣುಗಳನ್ನು ಪಡೆಯುತ್ತದೆ. ಕ್ಯಾನ್ಸರಿನ ಕೋಶವಾದರೋ ಆಮ್ಲಜನಕವಿದ್ದರೂ ಬಹುಪಾಲು ಗ್ಲೂಕೋಸನ್ನು ಅರ್ಧಕ್ಕೇ ಒಡೆದು, ಎರಡೇ ಎ.ಟಿ.ಪಿ. ಪಡೆದು, ಉಳಿದುದನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಚೆಲ್ಲುತ್ತದೆ. ಜರ್ಮನಿಯ ಆಟೋ ವಾರ್ಬರ್ಗರು 1920ರ ದಶಕದಲ್ಲಿ ಇದನ್ನು ಕಂಡರು. ಇದು ಬರಿಯ ದುಂದುಗಾರಿಕೆಯಲ್ಲ. ಈ ದಾರಿ ಚುರುಕಾದುದು, ಹೊಸ ಕೋಶಗಳನ್ನು ಕಟ್ಟುವ ಸಾಮಗ್ರಿಯೂ ಇದರಿಂದ ಒದಗುತ್ತದೆ. ಮೂಳೆಯಲ್ಲಂತೂ ಆ ಆಮ್ಲವು ಮೂಳೆ ಕರಗಿಸುವ ಕೋಶಗಳನ್ನು ಕೆರಳಿಸುತ್ತದೆ. ಕರಗಿದ ಮೂಳೆಯಿಂದ ಹೊರಬೀಳುವ ವೃದ್ಧಿಕಾರಕಗಳು ಗಡ್ಡೆಯನ್ನೇ ಪೋಷಿಸುತ್ತವೆ.

ಹಾಗಾದರೆ ಅನ್ನ ಬಿಡಿಸಬಾರದೇಕೆ? ನಾವು ಉಣ್ಣದಿದ್ದರೂ ಯಕೃತ್ತು ಗ್ಲೂಕೋಸನ್ನು ತಯಾರಿಸುತ್ತದೆ, ಮಾಂಸಖಂಡಗಳನ್ನು ಕರಗಿಸಿಯಾದರೂ. ಗಡ್ಡೆಯು ಗ್ಲುಟಮಿನ್ ಮುಂತಾದ ಬೇರೆ ಆಹಾರವನ್ನೂ ಬಲ್ಲುದು. ಹೀಗೆ ಸೊರಗುವವನು ರೋಗಿಯೇ ಹೊರತು ರೋಗವಲ್ಲ. ಬಲವಾದ ಔಷಧಗಳನ್ನು ತಾಳಿಕೊಳ್ಳುವ ಶಕ್ತಿಯೂ ಕುಂದುತ್ತದೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತಾಯಿತು!

ಅದೇ ಸತ್ಯವನ್ನು ವೈದ್ಯರು ಬಳಸುವ ರೀತಿಯನ್ನು ನೋಡಿ. ಗಡ್ಡೆಯ ಸಕ್ಕರೆಯಾಸೆಯನ್ನೇ ಆಧಾರವಾಗಿಟ್ಟು, ವಿಕಿರಣದ ಗುರುತುಳ್ಳ ಗ್ಲೂಕೋಸನ್ನು ಕೊಟ್ಟು, ಪೆಟ್ ಸ್ಕ್ಯಾನಿನಲ್ಲಿ ರೋಗದ ನೆಲೆಯನ್ನು ಪತ್ತೆಹಚ್ಚುತ್ತಾರೆ. 1970ರ ದಶಕಕ್ಕೆ ಮುಂಚೆ ಕಾಲು ಕತ್ತರಿಸಿದರೂ ಬದುಕುತ್ತಿದ್ದವರು ಐವರಲ್ಲಿ ಒಬ್ಬರಷ್ಟೆ. ಔಷಧ ಚಿಕಿತ್ಸೆಯೂ ಕೂಡಿದ ಮೇಲೆ, ಬೇರೆಡೆಗೆ ಹರಡದ ರೋಗದಲ್ಲಿ ಮೂವರಲ್ಲಿ ಇಬ್ಬರಷ್ಟು ಜನ ಉಳಿಯಬಹುದಾಗಿದೆ. ಎಷ್ಟೋ ಸಲ ಕಾಲೂ ಉಳಿಯುತ್ತದೆ. ಇದಕ್ಕಾಗಿ ದೂರದೇಶಕ್ಕೆ ಹೋಗಬೇಕಾಗಿಲ್ಲ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು ನಮ್ಮ ನಗರದಲ್ಲಿಯೇ ಇದೆ.

ನಮ್ಮಲ್ಲಿ ಅನೇಕರು ಮನೆತನದಲ್ಲಿ ಮೊದಲು ಕಾಲೇಜು ಕಂಡವರು. ಡಾಕ್ಟರ ಚೀಟಿಯನ್ನು ಓದಿ ಅರ್ಥ ಹೇಳುವ ಹೊಣೆ ನಮ್ಮದೇ. ತಮ್ಮನೋ ತಂಗಿಯೋ ರಾತ್ರಿ ಮೊಣಕಾಲು ನೋವೆಂದು ನರಳಿ, ಬಾವು ವಾರಗಟ್ಟಲೆ ಇಳಿಯದಿದ್ದರೆ, ಎಣ್ಣೆ ತಿಕ್ಕಿಸುತ್ತ ಕಾಲ ಕಳೆಯದೆ ಎಕ್ಸ್‌ರೇ ತೆಗೆಸೋಣ. ಚಿಕಿತ್ಸೆಯಲ್ಲಿರುವವರಿಗೆ ಹೊಟ್ಟೆತುಂಬ ಉಣಬಡಿಸೋಣ.