ಎಂಟು ಎಲ್ಲಿ ಹೋಯಿತು?



ಮಕ್ಕಳಿಗಾಗಿ ಬರೆದ ಸಂಖ್ಯಾವಿಸ್ಮಯಗಳನ್ನು ನಿಮ್ಮಲ್ಲಿ ಹಲವರು ನನ್ನ ಮೊಬೈಲಿಗೆ ಕಳಿಸುತ್ತಿರುತ್ತೀರಿ. ಗಣಿತದ ಮಾಸ್ತರರಿಗೆ ಇದು ಮೆಚ್ಚುಗೆಯಾದೀತೆಂಬ ನಿಮ್ಮ ಅಭಿಮಾನಕ್ಕೆ ಋಣಿ. ಆದರೆ ಅವುಗಳ ಬಗ್ಗೆ ನನ್ನದೊಂದು ತಕರಾರಿದೆ. ಅವು ಬೆರಗನ್ನು ತೋರಿಸಿ ಅಲ್ಲಿಗೇ ಬಿಟ್ಟುಬಿಡುತ್ತವೆ. ಏಕೆ ಹಾಗೆ ಎಂಬ ಮಾತೇ ಇರುವುದಿಲ್ಲ. ಈ ತಪ್ಪನ್ನು ನಾನೂ ಮಾಡಿದವನೇ ಆದ್ದರಿಂದ ಹೇಳುವ ಧೈರ್ಯ ಮಾಡಿದ್ದೇನೆ.

1991ರಲ್ಲಿ ಯರಗೇರಾ ಸುತ್ತಿನ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಒಂದು ದಿನ 12345679 ಎಂದು ಹಲಗೆಯ ಮೇಲೆ ಬರೆದು, ಒಂಬತ್ತರಿಂದ ಗುಣಿಸಲು ಹೇಳಿದೆ. ಉತ್ತರ 111111111. ಇಡೀ ತರಗತಿ ಹೋ ಎಂದಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು, "ಸರ್, ಎಂಟು ಎಲ್ಲಿ ಹೋತ್ರಿ?" ಎಂದಳು. ಎಲ್ಲರೂ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. "ಅದು ಹಂಗೇ ಇರ್ತದ, ಬರಕೋ" ಎಂದು ಗದರಿ ಕೂರಿಸಿದೆ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಭಾಗಾಕಾರ ಮಾಡಿದೆ. 111111111 ಅನ್ನು ಒಂಬತ್ತರಿಂದ ಭಾಗಿಸಿ ನೋಡಿ. ಹನ್ನೊಂದರಲ್ಲಿ ಒಂಬತ್ತು ಒಂದು ಸಲ, ಶೇಷ ಎರಡು. ಮುಂದಿನ ಒಂದನ್ನು ಇಳಿಸಿದರೆ 21. ಎರಡು ಸಲ, ಶೇಷ ಮೂರು. ಆಮೇಲೆ 31, ಮೂರು ಸಲ, ಶೇಷ ನಾಲ್ಕು. ಹೀಗೆ ಮೆಟ್ಟಿಲು ಹತ್ತುತ್ತಾ 71ಕ್ಕೆ ಬಂದರೆ ಏಳು ಸಲ, ಶೇಷ ಎಂಟು. ಕೊನೆಯ ಒಂದನ್ನು ಇಳಿಸಿದರೆ 81. ಸರದಿಯಂತೆ ಈಗ ಎಂಟು ಬರಬೇಕು. ಆದರೆ 81ರಲ್ಲಿ ಎಂಟು ಸಲ ಒಂಬತ್ತನ್ನು ತೆಗೆದ ಮೇಲೂ ಒಂಬತ್ತು ಉಳಿಯುತ್ತದೆ, ಅದನ್ನೂ ತೆಗೆಯಲೇಬೇಕು. ಒಂಬತ್ತೊಂಬತ್ಲೆ ಎಂಬತ್ತೊಂದು! ಎಂಟು ಎಲ್ಲಿಯೂ ಹೋಗಿರಲಿಲ್ಲ. ಕೊನೆಯ ಹೆಜ್ಜೆಯಲ್ಲಿ ಒಂಬತ್ತಾಗಿತ್ತು.

ಮರುದಿನ ಆಕೆ ಶಾಲೆಗೆ ಬರಲಿಲ್ಲ. ಹತ್ತಿ ಬಿಡಿಸುವ ಕಾಲ. ತಾಯಿಯೊಡನೆ ಹೊಲಕ್ಕೆ ಹೋಗಿದ್ದಳು. ತಿಂಗಳಾದ ಮೇಲೆ ಬಂದಾಗ ನಾವು ಬೇರೆ ಪಾಠದಲ್ಲಿದ್ದೆವು. ಕರೆದು ಹೇಳಬಹುದಿತ್ತು, ಮಾಸ್ತರಿಕೆಯ ಬಿಗುಮಾನ ಬಿಡಲಿಲ್ಲ. ಆಕೆ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಮರುವರ್ಷ ಶಾಲೆ ಬಿಟ್ಟಳು. ನನ್ನ ಗದರಿಕೆಯಿಂದಲೇ ಬಿಟ್ಟಳೆನ್ನಲಾರೆ. ನಮ್ಮ ಕಡೆ ಹೆಣ್ಣುಮಕ್ಕಳು ಶಾಲೆ ಬಿಡುವುದಕ್ಕೆ ಕಾರಣಗಳ ಬರವಿರಲಿಲ್ಲ.

ಇಂಥ ಸಂಖ್ಯೆಗಳು ಪರದೇಶದಿಂದ ಬಂದ ಮೋಜೆಂದು ಬಹಳ ಜನ ತಿಳಿದಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ'ದ ಗುಣಾಕಾರ ಭಾಗದಲ್ಲಿ ಇವು ಕಂಠಾಭರಣಗಳಾಗಿ ಬರುತ್ತವೆ. ಗ್ರಂಥದ ಆರಂಭದಲ್ಲಿ ಸ್ತುತಿಸಿರುವುದು ಅಮೋಘವರ್ಷ ನೃಪತುಂಗನನ್ನು. ಅವನ ರಾಜಧಾನಿ ಮಾನ್ಯಖೇಟವೆಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. 152207 ಅನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಹಾರ. 142857143 ಅನ್ನು ಏಳರಿಂದ ಗುಣಿಸಿದರೆ ಎರಡು ತುದಿಗೆ ಒಂದೊಂದು ಒಂದು, ನಡುವೆಲ್ಲ ಸೊನ್ನೆ. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚು ಹಾಕಿಸಿದರು. ಇಷ್ಟು ಹತ್ತಿರದ ಈ ಹೆಸರನ್ನು ನಾನು ಬಿ.ಎಡ್. ಮುಗಿಸುವವರೆಗೂ ಕೇಳಿರಲಿಲ್ಲವೆಂಬುದು ನಾಚಿಕೆಯ ಸಂಗತಿ.

ಪಠ್ಯ ಮುಗಿಸಬೇಕು, ಏಕೆ ಎಂಬುದಕ್ಕೆ ಸಮಯವೆಲ್ಲಿದೆ ಎಂದು ಈಗಿನ ಶಿಕ್ಷಕ ಮಿತ್ರರು ಕೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಮೇಲಿನ ಭಾಗಾಕಾರಕ್ಕೆ ಹಿಡಿಯುವುದು ಐದು ನಿಮಿಷ. ಅದಕ್ಕೆ ಬೇಕಾದದ್ದು ಒಂಬತ್ತರ ಮಗ್ಗಿಯಷ್ಟೇ. ಮಗುವಿಗೆ ಬೆರಗನ್ನು ಕೊಟ್ಟು ಕಾರಣವನ್ನು ಕೊಡದಿದ್ದರೆ, ಗಣಿತವೆಂದರೆ ಜಾತ್ರೆಯ ಗಾರುಡಿಗನ ಕೈಚಳಕವೆಂದೇ ಅದು ನಂಬುತ್ತದೆ. ಗಾರುಡಿಗನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ಆಚಾರ್ಯರ ಇನ್ನೊಂದು ಹಾರವನ್ನು ನಿಮ್ಮ ಮನೆಯ ಮಕ್ಕಳಿಗೆ ಕೊಡುತ್ತೇನೆ: 27994681 ಅನ್ನು 441ರಿಂದ ಗುಣಿಸಿದರೆ 12345654321. 441 ಎಂಬುದು 21ರ ವರ್ಗ. ಸುಳಿವು ಇಷ್ಟು ಸಾಕು. ಗುಣಿಸಿದ ಲೆಕ್ಕವನ್ನು ಕಳಿಸುವುದು ಬೇಡ. ಏಕೆ ಹಾಗೆ ಬರುತ್ತದೆಂದು ಅವರ ಕೈಯಿಂದಲೇ ಬರೆಸಿ ಕಳಿಸಿರಿ.